ಅಮೆರಿಕದ ಕಸ್ಟಮರ್ ಮೆಕ್ಸಿಕೋ ಕಡೆ ಹೊರಟರೆ ನಾವೇನು ಮಾಡಬೇಕು?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದೊಂದು ಚಿಕ್ಕ ಮೆಷಿನ್ ಶಾಪ್ ಇದೆ. ಅಮೆರಿಕದ ಒಂದು ಕಂಪನಿಗೆ ಹಲವು ವರ್ಷಗಳಿಂದ ಪಾರ್ಟ್ ಕಳಿಸುತ್ತಿದ್ದೇವೆ. ಕೆಲವು ಎರಕದ ಬ್ರಾಕೆಟ್‌ಗಳು, ಕೆಲವು ಸಣ್ಣ ವಾಲ್ವ್ ಪಾರ್ಟ್‌ಗಳು. ಹೋದ ತಿಂಗಳು ಅವರ ಪರ್ಚೇಸ್ ಮ್ಯಾನೇಜರ್ ಫೋನಿನಲ್ಲಿ, "ಇನ್ನು ಮುಂದೆ ಸಪ್ಲೈ ಆದಷ್ಟು ಹತ್ತಿರದಿಂದ ತಗೋಬೇಕು ಅಂತ ಮೇಲಿನವರು ಹೇಳಿದ್ದಾರೆ, ಮೆಕ್ಸಿಕೋದಲ್ಲಿ ನೋಡ್ತಿದ್ದೀವಿ" ಎಂದರು. ಮರುವಾರವೇ ಮಾಮೂಲಿಗಿಂತ ದೊಡ್ಡ ಆರ್ಡರ್ ಕೂಡ ಕೊಟ್ಟರು. ರೇಟು ಶೇ. 5 ಇಳಿಸಿದರೆ ಉಳಿಯುತ್ತಾರಾ? ಹೊಸ ವಿಎಂಸಿ (ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ) ಮೆಷಿನ್‌ಗೆ ಅಡ್ವಾನ್ಸ್ ಕೊಡುವವರಿದ್ದೆವು. ಮುಂದುವರಿಯಬಹುದಾ?

ಉತ್ತರ: ರೇಟು ಇಳಿಸುವ ಮಾತನ್ನು ಸದ್ಯಕ್ಕೆ ಎತ್ತಬೇಡಿ. ಅವರು ಹೊರಟಿರುವುದು ರೇಟಿನ ಕಾರಣಕ್ಕೆ ಅಲ್ಲದಿದ್ದರೆ, ಶೇ. 5 ಬಿಟ್ಟುಕೊಟ್ಟರೂ ಹೋಗುತ್ತಾರೆ. ಹೋಗುವ ತನಕ ನಿಮ್ಮ ಕೈಯಿಂದ ದುಡ್ಡು ಹೋಗುತ್ತಿರುತ್ತದೆ, ಅಷ್ಟೇ. ಮೊದಲು ಅವರಿಗೆ ಎಲ್ಲಿ ನೋಯುತ್ತಿದೆ ಅಂತ ನೋಡೋಣ. ಅದಕ್ಕೆ ಅವರ ಕುರ್ಚಿಯಲ್ಲಿ ಕೂತು ಲೆಕ್ಕ ಹಾಕಬೇಕು.

ನಿಮ್ಮ ಬ್ರಾಕೆಟ್ ಒಂದೂವರೆ ಕೆ.ಜಿ. ತೂಗುತ್ತದೆ, ಬೆಲೆ 400 ರೂಪಾಯಿ, ತಿಂಗಳಿಗೆ 10,000 ಹೋಗುತ್ತದೆ ಎಂದು ಹಿಡಿಯೋಣ. ಇವು ಲೆಕ್ಕಕ್ಕೆಂದು ಹಿಡಿದ ಅಂಕಿಗಳು, ನಿಮ್ಮ ಇನ್‌ವಾಯ್ಸ್ ನೋಡಿ ಬದಲಿಸಿಕೊಳ್ಳಿ. ಒಟ್ಟು ತೂಕ 15 ಟನ್, ಅಂದರೆ ಒಂದು 20 ಅಡಿ ಕಂಟೇನರ್. ಸರಕಿನ ಬೆಲೆ 40 ಲಕ್ಷ. ಡಾಲರಿಗೆ 90 ರೂಪಾಯಿಯಂತೆ, ಹಡಗಿನ ಬಾಡಿಗೆ 2,000 ಡಾಲರ್ ಇದ್ದರೆ 1.8 ಲಕ್ಷ ಆಯಿತು. ಸರಕಿನ ಬೆಲೆಯಲ್ಲಿ ಶೇ. 4.5. ಇದನ್ನು ಯಾರೂ ದೊಡ್ಡದು ಅನ್ನುವುದಿಲ್ಲ.

ಈಗ 2021ನ್ನು ನೆನಪು ಮಾಡಿಕೊಳ್ಳಿ. ಚೀನಾದಿಂದ ಅಮೆರಿಕದ ಪಶ್ಚಿಮ ಕರಾವಳಿಗೆ 40 ಅಡಿ ಕಂಟೇನರ್ ಕಳಿಸಲು 2019ರಲ್ಲಿ ಸುಮಾರು 1,500 ಡಾಲರ್ ಆಗುತ್ತಿತ್ತು. ಎರಡೇ ವರ್ಷದಲ್ಲಿ ಅದು 10,000 ಡಾಲರ್ ದಾಟಿತು. ನಮ್ಮ ಕಡೆಯ ಬಾಡಿಗೆಯೂ ಜೊತೆಯಲ್ಲೇ ಏರಿತು, ಕಂಟೇನರ್ ಸಿಕ್ಕರೆ ಪುಣ್ಯ ಅನ್ನುವ ಹಾಗಿತ್ತು. ನಿಮ್ಮ ಕಂಟೇನರಿಗೆ 10,000 ಡಾಲರ್ ಬಿದ್ದರೆ 9 ಲಕ್ಷ. ಶೇ. 22.5! ಅದೇ ಪಾರ್ಟ್, ಅದೇ ರೇಟು. ಆದರೆ ಅವರ ಪುಸ್ತಕದಲ್ಲಿ ನೀವು ದಿಢೀರನೆ ದುಬಾರಿ ಸಪ್ಲೈಯರ್ ಆದಿರಿ.

ಬಾಡಿಗೆಗಿಂತ ಹೆಚ್ಚು ಕಾಡುವುದು ದಿನಗಳ ಲೆಕ್ಕ. ಪೀಣ್ಯದಿಂದ ಚೆನ್ನೈ ಬಂದರು, ಅಲ್ಲಿಂದ ಕೊಲಂಬೊ ಅಥವಾ ಇನ್ನೆಲ್ಲೋ ಹಡಗು ಬದಲಾಯಿಸಿ, ಸೂಯೆಜ್ ದಾಟಿ ಅಮೆರಿಕ, ಕಸ್ಟಮ್ಸ್, ಟ್ರಕ್. 2021ರ ಮಾರ್ಚ್‌ನಲ್ಲಿ 400 ಮೀಟರ್ ಉದ್ದದ ಎವರ್ ಗಿವನ್ ಹಡಗು ಸೂಯೆಜ್ ಕಾಲುವೆಗೆ ಅಡ್ಡ ನಿಂತು ಆರು ದಿನ ಎಲ್ಲವನ್ನೂ ನಿಲ್ಲಿಸಿತು. 2023ರ ನವೆಂಬರ್‌ನಿಂದ ಕೆಂಪು ಸಮುದ್ರದಲ್ಲಿ ಯೆಮೆನ್‌ನ ಹೂತಿ ಬಂಡುಕೋರರ ದಾಳಿ ಶುರುವಾದ ಮೇಲೆ ದೊಡ್ಡ ಹಡಗು ಕಂಪನಿಗಳು ಆಫ್ರಿಕಾದ ತುದಿ ಸುತ್ತಿಕೊಂಡು ಹೋಗತೊಡಗಿದವು. ಅದಕ್ಕೇ ಹತ್ತು ಹದಿನಾಲ್ಕು ದಿನ ಜಾಸ್ತಿ. ನಿಮ್ಮ ಶೆಡ್‌ನಿಂದ ಅವರ ಗೋಡೌನ್‌ವರೆಗೆ 75 ದಿನ ಹಿಡಿದರೆ, ಸರಾಸರಿ ಒಂದು ಕೋಟಿ ರೂಪಾಯಿಯ ಮಾಲು ಯಾವಾಗಲೂ ದಾರಿಯಲ್ಲೇ ಇರುತ್ತದೆ. ಬರುವುದು ತಡವಾದೀತು ಎಂಬ ಭಯಕ್ಕೆ ಇನ್ನೂ 45 ದಿನದ ಸ್ಟಾಕ್ ಇಟ್ಟುಕೊಂಡರೆ ಮತ್ತೆ 60 ಲಕ್ಷ. ಒಟ್ಟು 1.6 ಕೋಟಿ. ಶೇ. 10 ಬಡ್ಡಿಯಂತೆ ವರ್ಷಕ್ಕೆ 16 ಲಕ್ಷ. ಅವರು ನಿಮ್ಮಿಂದ ವರ್ಷಕ್ಕೆ ಕೊಳ್ಳುವುದು 4.8 ಕೋಟಿ, ಆದ್ದರಿಂದ ಇದು ಶೇ. 3.3 ಆಯಿತು. ಮೆಕ್ಸಿಕೋದಿಂದ ತಂದರೆ ದಾರಿ ಮತ್ತು ಸ್ಟಾಕ್ ಸೇರಿ 25 ದಿನ ಸಾಕು ಅಂತಿಟ್ಟುಕೊಳ್ಳಿ. ಬಡ್ಡಿ ಮೂರು ಮೂರೂವರೆ ಲಕ್ಷಕ್ಕೆ ಇಳಿಯುತ್ತದೆ.

ಎಲ್ಲ ಕೂಡಿಸಿದರೆ, ಸುಂಕವನ್ನು ಪಕ್ಕಕ್ಕಿಟ್ಟು, ಮೆಕ್ಸಿಕೋದಿಂದ ತರುವ ಟ್ರಕ್ ಬಾಡಿಗೆಯನ್ನೂ ಕಳೆದು ನೋಡಿದರೆ, ಮಾಮೂಲಿ ದಿನಗಳಲ್ಲಿ ಹತ್ತಿರದಿಂದ ತರಿಸುವುದರಿಂದ ಅವರಿಗೆ ಉಳಿಯುವುದು ಶೇ. 5, ಹೆಚ್ಚೆಂದರೆ ಶೇ. 6. ಮೆಕ್ಸಿಕೋದವರು ಅದೇ ಬ್ರಾಕೆಟ್‌ಗೆ ನಿಮಗಿಂತ ಶೇ. 15 ಹೆಚ್ಚು ಕೇಳಿದರೆ ಈ ಲೆಕ್ಕ ಅವರಿಗೆ ಗಿಟ್ಟುವುದೇ ಇಲ್ಲ. ಹಾಗಾದರೆ ಯಾಕೆ ಹೋಗುತ್ತಾರೆ? ಕೆಟ್ಟ ದಿನಗಳ ಭಯಕ್ಕೆ. ಇನ್ನೊಂದು ಕಾರಣವೂ ಇದೆ, ನಮ್ಮವರು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ: ಡ್ರಾಯಿಂಗ್ ಬದಲಾವಣೆ. ಅವರ ಡಿಸೈನ್ ವಿಭಾಗ ಒಂದು ರಂಧ್ರವನ್ನು ಎರಡು ಮಿಲಿಮೀಟರ್ ಸರಿಸಿದರೆ, ದಾರಿಯಲ್ಲಿರುವ ಮತ್ತು ಗೋಡೌನ್‌ನಲ್ಲಿರುವ 1.6 ಕೋಟಿಯ ಮಾಲು ಹಳೇ ರಿವಿಷನ್ ಆಗಿಬಿಡುತ್ತದೆ. ರೀವರ್ಕ್ ಮಾಡಬೇಕು, ಇಲ್ಲ ಗುಜರಿ. ನೀವು ಶೇ. 5 ಬಿಟ್ಟರೆ ಈ ಎರಡರಲ್ಲಿ ಯಾವ ನೋವೂ ಕಡಿಮೆಯಾಗುವುದಿಲ್ಲ.

ಆದ್ದರಿಂದ ನಿಮ್ಮ ಪಾರ್ಟ್‌ಗಳನ್ನೆಲ್ಲ ಒಂದೇ ರಾಶಿಯಾಗಿ ನೋಡಬೇಡಿ. ಮನೆಗೆ ಸೊಪ್ಪನ್ನು ದಿನಾ ಪಕ್ಕದ ಬೀದಿಯಲ್ಲಿ ಕೊಳ್ಳುತ್ತೇವೆ, ಅಕ್ಕಿ ಮೂಟೆಯನ್ನು ಊರಿನಿಂದ ತರಿಸಿ ಇಡುತ್ತೇವೆ. ಕಂಪನಿಗಳೂ ಹಾಗೇ ವಿಂಗಡಿಸುತ್ತವೆ. ಜಾರಾ ಬಟ್ಟೆಯ ಮಾಲೀಕ ಕಂಪನಿ ಇಂಡಿಟೆಕ್ಸ್ ಬಹಳ ಹಿಂದಿನಿಂದ ಇದನ್ನೇ ಮಾಡಿಕೊಂಡು ಬಂದಿದೆ. ವಾರವಾರಕ್ಕೆ ಬದಲಾಗುವ ಫ್ಯಾಷನ್ ಬಟ್ಟೆಯನ್ನು ಸ್ಪೇನ್, ಪೋರ್ಚುಗಲ್, ಮೊರಾಕೊ, ಟರ್ಕಿಯಲ್ಲಿ ಹೊಲಿಸುತ್ತದೆ. ವರ್ಷವಿಡೀ ಒಂದೇ ಥರ ಮಾರಾಟವಾಗುವ ಸಾದಾ ಬಟ್ಟೆಯನ್ನು ಏಷ್ಯಾದಿಂದ ತರಿಸುತ್ತದೆ.

ನಿಮ್ಮ ವಾಲ್ವ್ ಪಾರ್ಟ್ ತೆಗೆದುಕೊಳ್ಳಿ. ತೂಕ 60 ಗ್ರಾಂ, ಬೆಲೆ ಅದೇ 400 ರೂಪಾಯಿ ಎಂದುಕೊಂಡರೆ 10,000 ಪಾರ್ಟ್‌ಗೆ 600 ಕೆ.ಜಿ. ವಿಮಾನಕ್ಕೆ ಹಾಕಿ ಕೆ.ಜಿ.ಗೆ 350 ರೂಪಾಯಿ ಕೊಟ್ಟರೂ 2.1 ಲಕ್ಷ. ಶೇ. 5 ಚಿಲ್ಲರೆ ಆಯಿತು. ಒಂದು ಹತ್ತು ದಿನದಲ್ಲಿ ಅವರ ಬಾಗಿಲಲ್ಲಿರುತ್ತದೆ. ಬ್ರಾಕೆಟ್‌ಗಳನ್ನು ಹಾಗೆ ಕಳಿಸಲು ಹೋದರೆ 52.5 ಲಕ್ಷ ಬೇಕು, ಸರಕಿನ ಬೆಲೆಗಿಂತ ಹೆಚ್ಚು. ಹಗುರಾಗಿದ್ದು, ಮಾಡುವುದು ಕಷ್ಟವಿದ್ದು, ಡ್ರಾಯಿಂಗ್ ಪದೇಪದೇ ಬದಲಾಗದ ಪಾರ್ಟ್‌ಗೆ ಪೀಣ್ಯ ಅಷ್ಟೇನೂ ದೂರವಲ್ಲ. ಭಾರ ಇದ್ದು, ಯಾರು ಬೇಕಾದರೂ ಮಾಡಬಹುದಾದ, ಆಗಾಗ ಬದಲಾಗುವ ಪಾರ್ಟ್ ಹೋಗುತ್ತದೆ. ಇವತ್ತಲ್ಲ ನಾಳೆ. ಬ್ರಾಕೆಟ್ ಉಳಿಸಿಕೊಳ್ಳಲು ಜೀವ ತೇಯುವ ಬದಲು ವಾಲ್ವ್ ಪಾರ್ಟ್‌ಗಳಲ್ಲಿ ಇನ್ನೂ ಎರಡು ಕೇಳಿ ಪಡೆಯುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಇನ್ನು ಮೆಕ್ಸಿಕೋ ವಿಷಯ. ಇದು ನಿನ್ನೆ ಮೊನ್ನೆಯ ಗಾಳಿಯಲ್ಲ. ಅಮೆರಿಕದ ಗಡಿಗೆ ತಾಗಿದ ಊರುಗಳಲ್ಲಿ ರಫ್ತಿಗಾಗಿಯೇ ಜೋಡಣೆ ಕಾರ್ಖಾನೆ ತೆರೆಯುವ ಯೋಜನೆ 1965ರಲ್ಲೇ ಶುರುವಾಯಿತು. 1994ರಲ್ಲಿ ಅಮೆರಿಕ, ಕೆನಡಾ, ಮೆಕ್ಸಿಕೋ ನಡುವೆ ನಾಫ್ಟಾ ಎಂಬ ಮುಕ್ತ ವ್ಯಾಪಾರ ಒಪ್ಪಂದ ಬಂತು. ಅದರ ಜಾಗಕ್ಕೆ 2020ರ ಜುಲೈ 1ರಂದು ಯುಎಸ್‌ಎಂಸಿಎ ಎಂಬ ಹೊಸ ಒಪ್ಪಂದ ಬಂತು. 2018ರಿಂದ ಚೀನಾ ಸರಕಿನ ಮೇಲೆ ಅಮೆರಿಕ ಸುಂಕ ಹಾಕುತ್ತ ಹೋದದ್ದೂ ಮೆಕ್ಸಿಕೋಗೆ ಅನುಕೂಲವಾಯಿತು. 2023ರಲ್ಲಿ ಅಮೆರಿಕಕ್ಕೆ ಅತಿ ಹೆಚ್ಚು ಸರಕು ಕಳಿಸಿದ ದೇಶ ಮೆಕ್ಸಿಕೋ, ಸುಮಾರು 475 ಬಿಲಿಯನ್ ಡಾಲರ್. ಚೀನಾದ್ದು 427 ಬಿಲಿಯನ್. ಸುಮಾರು ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ ಮೆಕ್ಸಿಕೋ ಚೀನಾವನ್ನು ಹಿಂದಿಕ್ಕಿತು.

ಯುಎಸ್‌ಎಂಸಿಎಯ ಒಂದು ನಿಯಮ ನಿಮಗೆ ನೇರವಾಗಿ ತಟ್ಟುತ್ತದೆ. ಕಾರೊಂದಕ್ಕೆ ಈ ಒಪ್ಪಂದದ ಸುಂಕ ರಿಯಾಯಿತಿ ಸಿಗಬೇಕಾದರೆ ಅದರ ಮೌಲ್ಯದಲ್ಲಿ ಶೇ. 75 ಉತ್ತರ ಅಮೆರಿಕದ್ದೇ ಆಗಿರಬೇಕು. ನಾಫ್ಟಾದಲ್ಲಿ ಇದು ಶೇ. 62.5 ಇತ್ತು. ಅಂದರೆ ನಿಮ್ಮ ಬ್ರಾಕೆಟ್ ಎಷ್ಟೇ ಚೆನ್ನಾಗಿರಲಿ, ಎಷ್ಟೇ ಅಗ್ಗವಾಗಿರಲಿ, ಕಾರಿಗೆ ಹೋಗುವುದಾದರೆ ಅದು ಉಳಿದ ಶೇ. 25ರಲ್ಲಿ ಜಾಗ ಹುಡುಕಬೇಕು. ಅದೇ ಬ್ರಾಕೆಟ್ ನೀರಿನ ಪಂಪಿಗೋ ಹೊಲದ ಯಂತ್ರಕ್ಕೋ ಹೋಗುವುದಾದರೆ ನಿಯಮವೇ ಬೇರೆ. ಇಷ್ಟು ವರ್ಷ ಕಳಿಸುತ್ತಿದ್ದೀರಿ, ಅದು ಕೊನೆಗೆ ಯಾವುದಕ್ಕೆ ಕೂರುತ್ತದೆ ಅಂತ ಗೊತ್ತಿದೆಯಾ? ಎಷ್ಟೋ ಶಾಪ್‌ಗಳಲ್ಲಿ ಪಾರ್ಟ್ ನಂಬರ್ ಬಿಟ್ಟರೆ ಬೇರೇನೂ ಗೊತ್ತಿರುವುದಿಲ್ಲ. ದಯವಿಟ್ಟು ಕೇಳಿ ತಿಳಿದುಕೊಳ್ಳಿ.

ಸುಂಕ ಈ ಎಲ್ಲ ಲೆಕ್ಕವನ್ನೂ ಒಂದೇ ದಿನದಲ್ಲಿ ತಲೆಕೆಳಗು ಮಾಡಬಹುದು. 2025ರ ಆಗಸ್ಟ್ 27ರಿಂದ ಭಾರತದ ಬಹಳಷ್ಟು ಸರಕಿನ ಮೇಲೆ ಅಮೆರಿಕ ಒಟ್ಟು ಶೇ. 50 ಹೆಚ್ಚುವರಿ ಸುಂಕ ಹಾಕಿದಾಗ ನಿಮಗೂ ಬಿಸಿ ತಟ್ಟಿರಬೇಕು. ಉಕ್ಕು, ವಾಹನದ ಬಿಡಿಭಾಗಗಳ ಲೆಕ್ಕ ಬೇರೆ. ಯುಎಸ್‌ಎಂಸಿಎಯನ್ನು ಮೂರೂ ದೇಶಗಳು ಕೂತು ಮರುಪರಿಶೀಲಿಸಬೇಕೆಂದು ಒಪ್ಪಂದದಲ್ಲೇ ಬರೆದಿರುವ ದಿನ 2026ರ ಜುಲೈ 1. ಪೇಪರ್ ಓದಿ ತೀರ್ಮಾನಕ್ಕೆ ಬರಬೇಡಿ. ನಿಮ್ಮ ಎಚ್‌ಎಸ್ ಕೋಡ್‌ಗೆ (ಕಸ್ಟಮ್ಸ್‌ನವರು ಸರಕನ್ನು ಗುರುತಿಸುವ ಸಂಖ್ಯೆ) ಈ ವಾರ ಸುಂಕ ಎಷ್ಟಿದೆ ಎಂದು ನಿಮ್ಮ ಸಿಎಚ್‌ಎ, ಅಂದರೆ ಕಸ್ಟಮ್ಸ್ ಏಜೆಂಟ್ ಹತ್ತಿರ ಲಿಖಿತವಾಗಿ ಪಡೆಯಿರಿ. ಕರಾರು ಡಿಡಿಪಿ (ಸುಂಕ ಕಟ್ಟಿ ಅವರ ಬಾಗಿಲಿಗೆ ಮುಟ್ಟಿಸುವುದು) ಆಗಿದ್ದರೆ ಸುಂಕ ಬೀಳುವುದು ನಿಮ್ಮ ತಲೆ ಮೇಲೆ. ಅದನ್ನು ಎಫ್‌ಒಬಿಗೆ (ನಮ್ಮ ಬಂದರಿನಲ್ಲಿ ಹಡಗಿಗೆ ಏರಿಸುವವರೆಗೆ ಮಾತ್ರ ನಿಮ್ಮ ಹೊಣೆ) ಬದಲಿಸುವುದು ಶೇ. 5ರ ಚರ್ಚೆಗಿಂತ ಮುಖ್ಯ.

"ಮೆಕ್ಸಿಕೋದಲ್ಲಿ ನೋಡ್ತಿದ್ದೀವಿ" ಅನ್ನುವುದಕ್ಕೂ "ಮೆಕ್ಸಿಕೋಗೆ ಹೋದೆವು" ಅನ್ನುವುದಕ್ಕೂ ನಡುವೆ ಸಾಕಷ್ಟು ದಾರಿ ಇದೆ. ಮೊಂಟೆರ‍್ರೆ ಅಲ್ಲಿನ ದೊಡ್ಡ ಕೈಗಾರಿಕಾ ಊರು, ಅಮೆರಿಕದ ಲಾರೆಡೊ ಗಡಿಯಿಂದ ಟ್ರಕ್ಕಿನಲ್ಲಿ ಕೆಲವೇ ಗಂಟೆ. 2022ರಲ್ಲಿ ಆ ಊರಿಗೆ ಕುಡಿಯುವ ನೀರು ಕೊಡುವ ಜಲಾಶಯ ಒಣಗಿ ಜನ ಬಿಂದಿಗೆ ಹಿಡಿದು ಟ್ಯಾಂಕರ್ ಮುಂದೆ ನಿಂತಿದ್ದರು. ಟೆಸ್ಲಾ 2023ರಲ್ಲಿ ಅಲ್ಲೇ ಪಕ್ಕದಲ್ಲಿ ಭಾರೀ ಕಾರ್ಖಾನೆ ಕಟ್ಟುತ್ತೇವೆ ಎಂದು ಘೋಷಿಸಿತು, 2024ರಲ್ಲಿ ತಡೆಹಿಡಿಯಿತು. ಅಲ್ಲಿ ಜೋಡಣೆ ಕೆಲಸಕ್ಕೆ ಜನ ಸಿಗುತ್ತಾರೆ. ಆದರೆ ಡೈ, ಮೋಲ್ಡ್, ಫಿಕ್ಸ್ಚರ್ (ಮೆಷಿನ್ ಮೇಲೆ ಪಾರ್ಟ್ ಹಿಡಿದಿಡುವ ಸಾಧನ) ಮಾಡುವ ಟೂಲ್ ರೂಮ್‌ಗಳು ಸಾಲದು. ಡೈ, ಮೋಲ್ಡ್ ಬಹುಪಾಲು ಹೊರದೇಶದಿಂದಲೇ ಬರುತ್ತವೆ. ಚೀನಾದ ಕಂಪನಿಗಳೇ ಮೊಂಟೆರ‍್ರೆ ಹತ್ತಿರ ಕೈಗಾರಿಕಾ ಪಾರ್ಕ್‌ನಲ್ಲಿ ಬಂದು ಕೂತಿವೆ, ಒಳಗಿನ ಬಿಡಿಭಾಗ ಅವರ ಊರಿನಿಂದ ತರಿಸುತ್ತವೆ. ಕೊನೆಯ ನಿಲ್ದಾಣ ಹತ್ತಿರ ಬಂದಿದೆ, ಹಿಂದಿನ ದಾರಿ ಇನ್ನೂ ಅಷ್ಟೇ ಉದ್ದ ಇದೆ.

ಒಂದು ಪಾರ್ಟನ್ನು ಹೊಸ ಸಪ್ಲೈಯರ್‌ಗೆ ದಾಟಿಸಲು ಎರಕದ ಪ್ಯಾಟರ್ನ್ ಹೊಸದಾಗಿ ಮಾಡಿಸಬೇಕು, ಸ್ಯಾಂಪಲ್ ಪಾಸಾಗಬೇಕು, ಪಿಪ್ಯಾಪ್ (ಪಾರ್ಟ್ ತಯಾರಿಕೆಗೆ ಕಸ್ಟಮರ್ ಕೊಡುವ ಲಿಖಿತ ಒಪ್ಪಿಗೆ) ಆಗಬೇಕು, ಆಮೇಲೆ ಸಣ್ಣ ಲಾಟ್ ಓಡಿಸಿ ನೋಡಬೇಕು. ಎಲ್ಲ ಸರಿಯಾಗಿ ನಡೆದರೂ ಒಂದು ವರ್ಷ ಸುಲಭವಾಗಿ ಬೇಕು. ಈ ನಡುವೆ ಅವರಿಗೆ ನೀವು ಬೇಕೇ ಬೇಕು. ನಿಮ್ಮ ಬಲ ಇರುವುದು ಈ ಒಂದು ವರ್ಷದಲ್ಲೇ.

ಅದಕ್ಕೇ ನಿಮ್ಮ ಪ್ರಶ್ನೆಯಲ್ಲಿ ನನಗೆ ಜಾಸ್ತಿ ಚಿಂತೆ ಹುಟ್ಟಿಸಿದ್ದು ಆ ದೊಡ್ಡ ಆರ್ಡರ್. ನಮ್ಮವರು ದೊಡ್ಡ ಆರ್ಡರ್ ಬಂತೆಂದರೆ ಸಿಹಿ ಹಂಚುತ್ತಾರೆ. ಕೆಲವೊಮ್ಮೆ ಅದು ಬೀಳ್ಕೊಡುಗೆ. ಸಪ್ಲೈಯರ್ ಬದಲಿಸುವ ಮೊದಲು ಯಾವ ಪರ್ಚೇಸ್ ವಿಭಾಗವಾದರೂ ಹಳಬನ ಹತ್ತಿರ ಮೂರು ನಾಲ್ಕು ತಿಂಗಳ ಸ್ಟಾಕ್ ಮಾಡಿಸಿ ಇಟ್ಟುಕೊಳ್ಳುತ್ತದೆ, ಹೊಸಬ ತಡ ಮಾಡಿದರೆ ಲೈನ್ ನಿಲ್ಲಬಾರದಲ್ಲ. ಇನ್ನೂ ಕೆಲವು ಸೂಚನೆಗಳಿವೆ. ಅಳತೆ ನೋಡುವ ಗೇಜ್ ಮತ್ತು ಫಿಕ್ಸ್ಚರ್ ಪಟ್ಟಿ ಕೇಳುತ್ತಾರೆ, ಅದರಲ್ಲಿ ಅವರ ದುಡ್ಡಿನದು ಯಾವುದು ಎಂದು ವಿಚಾರಿಸುತ್ತಾರೆ. ಪ್ರೋಸೆಸ್ ಶೀಟ್, ಎರಕದ ಮನೆಯ ಹೆಸರು, ಹೀಟ್ ಟ್ರೀಟ್‌ಮೆಂಟ್ ವಿವರ ಬೇಕು ಎನ್ನುತ್ತಾರೆ. ಹೊಸ ಡ್ರಾಯಿಂಗ್ ಬರುವುದು ನಿಂತುಹೋಗುತ್ತದೆ. ಇವೆಲ್ಲ ಒಟ್ಟಿಗೆ ಕಂಡರೆ ತೀರ್ಮಾನ ಆಗಿಹೋಗಿದೆ ಎಂದೇ ತಿಳಿಯಿರಿ. ದೊಡ್ಡ ಆರ್ಡರ್ ಖಂಡಿತ ಮಾಡಿಕೊಡಿ, ಆದರೆ ಕಚ್ಚಾ ಮಾಲಿಗೆ ಅಡ್ವಾನ್ಸ್ ಕೇಳಿ. ರದ್ದು ಮಾಡಿದರೆ ಶೆಡ್‌ನಲ್ಲಿರುವ ಎರಕ, ಅರ್ಧ ಆದ ಮಾಲು, ಪೂರ್ತಿ ಆದ ಮಾಲು ಎಲ್ಲಕ್ಕೂ ದುಡ್ಡು ಕೊಡುತ್ತೇವೆ ಎಂದು ಬರೆಸಿಕೊಳ್ಳಿ. ಇಸಿಜಿಸಿ ಪಾಲಿಸಿ (ರಫ್ತಿನ ಹಣ ಬಾರದಿದ್ದರೆ ನೆರವಾಗುವ ವಿಮೆ) ಇಲ್ಲದಿದ್ದರೆ ಈ ಕಂಟೇನರ್‌ಗಳು ಹೊರಡುವ ಮೊದಲೇ ಮಾಡಿಸಿ.

ಹತ್ತಿರ ಇದ್ದರೆ ಎಲ್ಲ ಸುರಕ್ಷಿತ ಎಂದು ನಿಮ್ಮ ಕಸ್ಟಮರ್‌ನ ಮೇಲಿನವರು ನಂಬಿದ್ದರೆ, ಅವರಿಗೆ ಟೊಯೊಟಾದ ಕಥೆ ಹೇಳಬಹುದು. 1997ರ ಫೆಬ್ರುವರಿ 1ರಂದು ಜಪಾನಿನ ಕರಿಯಾದಲ್ಲಿ ಐಸಿನ್ ಕಂಪನಿಯ ಕಾರ್ಖಾನೆಗೆ ಬೆಂಕಿ ಬಿತ್ತು. ಬ್ರೇಕ್‌ಗೆ ಬೇಕಾದ ಅಂಗೈಯಗಲದ ಒಂದು ವಾಲ್ವ್, ಪಿ-ವಾಲ್ವ್ ಅಂತಾರೆ, ಟೊಯೊಟಾಗೆ ಹೆಚ್ಚುಕಡಿಮೆ ಪೂರ್ತಿ ಅಲ್ಲಿಂದಲೇ ಬರುತ್ತಿತ್ತು. ಕಾರ್ಖಾನೆ ಪಕ್ಕದಲ್ಲೇ ಇತ್ತು, ಸ್ಟಾಕ್ ಗಂಟೆಗಳ ಲೆಕ್ಕದಲ್ಲಿ ಇಡುತ್ತಿದ್ದರು. ಜಪಾನಿನಲ್ಲಿ ಟೊಯೊಟಾದ ಲೈನ್‌ಗಳು ನಿಂತೇ ಹೋದವು. ಅಷ್ಟು ಹತ್ತಿರ ಇದ್ದೂ ಒಂದೇ ಕಡೆ ಇದ್ದದ್ದರಿಂದ ಈ ಗತಿ ಬಂತು.

ಆದರೆ ಕಥೆಯ ಮುಂದಿನ ಭಾಗ ನನಗೆ ಇನ್ನೂ ಇಷ್ಟ. ಡ್ರಾಯಿಂಗ್‌ಗಳನ್ನು ಸುತ್ತಮುತ್ತಲಿನ ಶಾಪ್‌ಗಳಿಗೆ ಹಂಚಿದರು. ಸಣ್ಣ ದೊಡ್ಡ ಕಂಪನಿಗಳೆಲ್ಲ ಕೈಲಿದ್ದ ಮೆಷಿನ್ ಮೇಲೆ ಆ ವಾಲ್ವ್ ಮಾಡತೊಡಗಿದವು. ಹೊಲಿಗೆ ಯಂತ್ರಕ್ಕೆ ಹೆಸರಾದ ಬ್ರದರ್ ಕಂಪನಿ ಕೂಡ ತನ್ನ ಮೆಷಿನ್‌ಗಳಲ್ಲಿ ವಾಲ್ವ್ ತೆಗೆಯಿತು. ಕೆಲವೇ ದಿನಗಳಲ್ಲಿ ಲೈನ್‌ಗಳು ಮತ್ತೆ ಓಡಿದವು. ಹತ್ತಿರ ಇರುವುದರ ನಿಜವಾದ ಬೆಲೆ ಇದು: ಕೈಪಳಗಿದ ನೂರಾರು ಶಾಪ್‌ಗಳು ಒಂದೇ ಕಡೆ ಇರುವುದು. ಪೀಣ್ಯದಲ್ಲಿ ನಿಮ್ಮ ಗ್ರೈಂಡಿಂಗ್ ಮೆಷಿನ್ ಕೆಟ್ಟರೆ ಪಕ್ಕದ ಕ್ರಾಸ್‌ನಲ್ಲಿ ಜಾಬ್ ವರ್ಕ್‌ಗೆ ಕೊಡುತ್ತೀರಿ, ಪ್ಲೇಟಿಂಗ್ ಆಚೆ ಬೀದಿಯಲ್ಲಿ ಆಗುತ್ತದೆ, ಸಂಜೆಗೆ ಮಾಲು ಟೆಂಪೋದಲ್ಲಿ ವಾಪಸ್ ಬರುತ್ತದೆ. ಈ ಬಳಗ ಗಡಿ ಪಕ್ಕದ ಹೊಸ ಪಾರ್ಕ್‌ನಲ್ಲಿ ಎರಡು ವರ್ಷದಲ್ಲಿ ಹುಟ್ಟುವುದಿಲ್ಲ. ನಿಮ್ಮ ಕಸ್ಟಮರ್‌ಗೆ ಇದನ್ನು ತೋರಿಸಿ. ಮೆಕ್ಸಿಕೋವನ್ನು ಮೊದಲ ಮೂಲ ಮಾಡಿಕೊಂಡರೂ ನಿಮ್ಮನ್ನು ಎರಡನೆಯದಾಗಿ ಶೇ. 30ಕ್ಕಾದರೂ ಉಳಿಸಿಕೊಳ್ಳಲಿ ಎಂದು ಕೇಳಿ. ಇದು ಭಿಕ್ಷೆಯಲ್ಲ, ಅವರ ಒಳ್ಳೆಯದಕ್ಕೇ.

ಹತ್ತಿರ ಆಗಲು ಅಲ್ಲಿ ಹೋಗಿ ಕಾರ್ಖಾನೆ ಕಟ್ಟಲೇಬೇಕೆಂದೇನಿಲ್ಲ. ನಮ್ಮ ದೊಡ್ಡವರು ಅದನ್ನೂ ಮಾಡಿದ್ದಾರೆ: ಬೆಂಗಳೂರಿನ ಸಂಸೇರಾಗೆ ಸ್ವೀಡನ್‌ನಲ್ಲಿ ಘಟಕವಿದೆ, ಬೆಳಗಾವಿಯ ಏಕ್ವಸ್‌ಗೆ ಅಮೆರಿಕ ಮತ್ತು ಫ್ರಾನ್ಸ್‌ನಲ್ಲಿ ಇವೆ. ನಿಮ್ಮ ಗಾತ್ರಕ್ಕೆ ಅದು ಆಗದ ಮಾತು. ಆದರೆ ಅವರ ಕಾರ್ಖಾನೆ ಹತ್ತಿರ ಬಾಡಿಗೆ ಗೋಡೌನ್‌ನಲ್ಲಿ 30 ದಿನದ ಮಾಲು ಇಟ್ಟು, ಬೇಕಾದಾಗ ಎರಡು ದಿನದಲ್ಲಿ ಕೊಡುವ ವ್ಯವಸ್ಥೆ ಮಾಡಬಹುದು. ಇದಕ್ಕೆ ನಿಮ್ಮ 40 ಲಕ್ಷ ಅಲ್ಲಿ ಬ್ಲಾಕ್ ಆಗುತ್ತದೆ, ಅದರ ಬಡ್ಡಿ ಮತ್ತು ಗೋಡೌನ್ ಬಾಡಿಗೆ ರೇಟಿನಲ್ಲಿ ಸೇರಲಿ. 90 ದಿನ ಮುಟ್ಟದೆ ಬಿದ್ದಿದ್ದ ಮಾಲನ್ನು ಅವರು ಕೊಂಡುಕೊಳ್ಳಲೇಬೇಕು, ಡ್ರಾಯಿಂಗ್ ಬದಲಾದರೆ ಹಳೇ ಮಾಲು ಅವರ ಪಾಲಿಗೆ. ಈ ಎರಡು ಸಾಲು ಕರಾರಿನಲ್ಲಿ ಇಲ್ಲದಿದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ. ನಿಮ್ಮಲ್ಲಿ ಟೂಲ್ ರೂಮ್ ಚೆನ್ನಾಗಿದ್ದರೆ ಇನ್ನೊಂದು ದಾರಿಯೂ ಇದೆ. ಮೆಕ್ಸಿಕೋದ ಹೊಸ ಸಪ್ಲೈಯರ್‌ಗೂ ಫಿಕ್ಸ್ಚರ್, ಗೇಜ್, ಪ್ಯಾಟರ್ನ್ ಬೇಕಲ್ಲ? ಆ ಪಾರ್ಟ್‌ಗೆ ಅವನ್ನು ನಿಮಗಿಂತ ಚೆನ್ನಾಗಿ ಯಾರು ಮಾಡುತ್ತಾರೆ?

ಇದೇ ಗಾಳಿ ನಮ್ಮ ಊರಲ್ಲೂ ಬೀಸುತ್ತಿದೆ ಎಂಬುದನ್ನು ಮರೆಯಬೇಡಿ. 2025ರ ಏಪ್ರಿಲ್‌ನಲ್ಲಿ ಚೀನಾ ಅಪರೂಪದ ಲೋಹಗಳ ಮ್ಯಾಗ್ನೆಟ್‌ಗಳಿಗೆ ರಫ್ತು ಪರವಾನಗಿ ಕಡ್ಡಾಯ ಮಾಡಿದ ಮೇಲೆ ನಮ್ಮ ಎಲೆಕ್ಟ್ರಿಕ್ ಸ್ಕೂಟರ್ ಕಂಪನಿಗಳು ಪರದಾಡಿದವು. ಅದಕ್ಕೂ ಒಂದು ವಾರ ಮೊದಲು ಕೇಂದ್ರ ಸರ್ಕಾರ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳನ್ನು ಇಲ್ಲೇ ಮಾಡಲು 22,919 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತ್ತು. ದೇವನಹಳ್ಳಿಯಲ್ಲಿ ಫಾಕ್ಸ್‌ಕಾನ್, ನರಸಾಪುರದಲ್ಲಿ ಟಾಟಾ ಐಫೋನ್ ಜೋಡಿಸುತ್ತಿವೆ. ಫೋನಿನ ಒಳಗಿನ ಪಾರ್ಟ್ ನಿಮಗೆ ಸಿಗದಿರಬಹುದು, ಆದರೆ ಆ ಲೈನ್‌ಗಳಿಗೆ ಬೇಕಾದ ಜಿಗ್, ಫಿಕ್ಸ್ಚರ್, ಆಟೊಮೇಷನ್ ಪಾರ್ಟ್‌ಗಳನ್ನು ಯಾರೋ ಮಾಡಲೇಬೇಕು. ಅವರಿಗೆ ನೀವು ಒಂದೆರಡು ಗಂಟೆಯ ದಾರಿ. ಪೇಮೆಂಟ್ ಎಳೆಯುತ್ತಾರೆ ಎಂಬ ಭಯ ನ್ಯಾಯವಾದದ್ದೇ. ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ ನೋಂದಣಿ) ಮಾಡಿಸಿಕೊಳ್ಳಿ, ಇನ್‌ವಾಯ್ಸ್ ಮೇಲೆ ಆ ನಂಬರ್ ಹಾಕಿ. ಸಣ್ಣ ಉತ್ಪಾದಕರಿಗೆ 45 ದಿನದೊಳಗೆ ಕೊಡದ ಹಣ, ಆ ವರ್ಷ ಕೊಡದೇ ಉಳಿದರೆ, ಕೊಂಡವರ ಆದಾಯ ತೆರಿಗೆಯಲ್ಲಿ ಆ ವರ್ಷದ ಖರ್ಚೆಂದು ಸೇರುವುದಿಲ್ಲ. ಈ ನಿಯಮ ಬಂದ ಮೇಲೆ ಕಂಪನಿಗಳ ಅಕೌಂಟ್ಸ್ ವಿಭಾಗದವರೇ ಮಾರ್ಚ್ ಹತ್ತಿರ ಬಂದಾಗ ಆ ನಂಬರ್ ಕೇಳಿಕೊಂಡು ಫೋನ್ ಮಾಡುತ್ತಾರೆ.

ಕೊನೆಗೆ ವಿಎಂಸಿ. ಬ್ರಾಕೆಟ್‌ಗೆಂದೇ ಫಿಕ್ಸ್ಚರ್ ಸಮೇತ ಆರ್ಡರ್ ಮಾಡಿದ್ದರೆ ಅಡ್ವಾನ್ಸ್ ತಡೆಯಿರಿ, ಆರು ತಿಂಗಳು ಕಾದು ನೋಡಿ. ದೊಡ್ಡ ಆರ್ಡರ್ ಮುಗಿಸಲು ಈಗಿರುವ ಮೆಷಿನ್‌ಗೆ ಮೂರನೇ ಪಾಳಿ ಹಾಕಿ, ಉಳಿದದ್ದನ್ನು ಹೊರಗೆ ಜಾಬ್ ವರ್ಕ್‌ಗೆ ಕೊಡಿ. ರೇಟು ಸ್ವಲ್ಪ ಜಾಸ್ತಿ ಬಿದ್ದರೂ ಚಿಂತೆಯಿಲ್ಲ, ಐದು ವರ್ಷದ ಇಎಂಐ ತಲೆ ಮೇಲೆ ಬರುವುದಿಲ್ಲ. ವಾಲ್ವ್ ಪಾರ್ಟ್‌ಗೂ ಆಗುವ, ನಾಳೆ ಬೇರೆ ಕಸ್ಟಮರ್‌ನ ಕೆಲಸಕ್ಕೂ ಒಗ್ಗುವ ಮೆಷಿನ್ ಆಗಿದ್ದರೆ ತಗೊಳ್ಳಿ, ಆದರೆ ಸಾಲದ ಕಂತನ್ನು ಈ ಅಮೆರಿಕದ ಆರ್ಡರ್ ಇಲ್ಲದೆಯೇ ಕಟ್ಟಲು ಆಗುತ್ತದಾ ಎಂದು ಮೊದಲು ಲೆಕ್ಕ ಹಾಕಿ.